ಹಾಸನದ ಪಿನ್ ಕೋಡ್ ಕೆಟ್ಟ ಸಂಖ್ಯೆಯಾ?

ಪ್ರಶ್ನೆ: ಹಾಸನದಲ್ಲಿ ಕೊರಿಯರ್ ಅಂಗಡಿ ನಡೆಸುತ್ತೇನೆ. ದಿನವೆಲ್ಲ ಕಣ್ಣ ಮುಂದೆ ಪಿನ್ ಕೋಡ್‌ಗಳೇ. ಪಿಯುಸಿ ಓದುವ ಮಗಳು ಮೊನ್ನೆ ನಮ್ಮ 573201 ಅನ್ನು ಮೊಬೈಲಿನ ಯಾವುದೋ ಗಣಿತದ ಆ್ಯಪ್‌ಗೆ ಹಾಕಿದಳು. ಸಂಯುಕ್ತ ಸಂಖ್ಯೆ, ಡಿಫಿಷಿಯಂಟ್, ಈವಿಲ್, ಅನ್‌ಹ್ಯಾಪಿ ಅಂತ ಉದ್ದದ ಪಟ್ಟಿ ಬಂತು. ಈವಿಲ್ ಅಂದರೆ ಕೆಟ್ಟದ್ದು ಅಂತ ಅವಳು ಹೇಳಿದ್ದೇ ತಡ, ನಮ್ಮ ತಾಯಿ ಅಂಗಡಿ ಬೋರ್ಡಿನಿಂದ ಆ ನಂಬರ್ ಅಳಿಸು ಅನ್ನುತ್ತಿದ್ದಾರೆ. ಇವೆಲ್ಲ ಸಂಖ್ಯೆಯ ನಿಜವಾದ ಗುಣಗಳಾ? ಚಿಕ್ಕಮಗಳೂರಿನ 577101, ಅರಸೀಕೆರೆಯ 573103 ಇವುಗಳ ಕಥೆ ಏನು? ಅರಸೀಕೆರೆಯದು ಅವಿಭಾಜ್ಯ ಅಂತ ಮಗಳ ವಾದ. ದೊಡ್ಡ ಸಂಖ್ಯೆ ಕೊಟ್ಟರೆ ಇದನ್ನೆಲ್ಲ ಕಂಡುಹಿಡಿಯೋದು ಹೇಗೆ?

ಉತ್ತರ: ಬೋರ್ಡು ಹಾಗೇ ಇರಲಿ. ಮೊದಲು ತಾಯಿಯವರಿಗೆ ಸಮಾಧಾನ ಹೇಳೋಣ.

573201 ಅನ್ನು ಕಂಪ್ಯೂಟರಿನ ಹಾಗೆ ಬರೀ 0 ಮತ್ತು 1 ಬಳಸಿ ಬರೆದರೆ 10001011111100010001 ಆಗುತ್ತದೆ. ಅದರಲ್ಲಿ ಎಷ್ಟು ಒಂದುಗಳಿವೆ ಎಣಿಸಿ. ಹತ್ತು. ಹತ್ತು ಸಮಸಂಖ್ಯೆ. ಅಷ್ಟಕ್ಕೇ ಈ ಬಿರುದು! ಒಂದುಗಳ ಎಣಿಕೆ ಸಮ ಬಂದರೆ ಈವಿಲ್, ಬೆಸ ಬಂದರೆ ಓಡಿಯಸ್. ಆಟಗಳ ಗಣಿತ ಬರೆಯುವಾಗ ಜಾನ್ ಕಾನ್ವೇ ಮತ್ತು ಅವರ ಗೆಳೆಯರು ಈವನ್, ಆಡ್ ಅನ್ನೋ ಪದಗಳನ್ನು ಹಿಡಿದು ಮಾಡಿದ ತಮಾಷೆ ಇದು. ಎಲ್ಲ ಸಂಖ್ಯೆಗಳಲ್ಲಿ ಅರ್ಧದಷ್ಟು ಈವಿಲ್ಲೇ. ಚಿಕ್ಕಮಗಳೂರಿನದರಲ್ಲೂ ಹತ್ತು ಒಂದುಗಳಿವೆ, ಹಾಗಾಗಿ ಅದೂ ಈವಿಲ್. ಅರಸೀಕೆರೆಯದರಲ್ಲಿ 13 ಇವೆ, ಅದು ಓಡಿಯಸ್. ಆ ಪದಕ್ಕೂ ಒಳ್ಳೆಯ ಅರ್ಥವೇನಿಲ್ಲ, ಅಸಹ್ಯ ಅಂತ. ಇನ್ನು ಯಾವ ಊರಿನವರು ಯಾವ ಊರಿನವರನ್ನು ಹಂಗಿಸೋದು?

ಆ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಬಗೆಯ ಗುಣಗಳು ಕಲಸಿಹೋಗಿವೆ. ಕೆಲವು ಸಂಖ್ಯೆಗೇ ಸೇರಿದವು. ನೀವು ಅದನ್ನು ಕನ್ನಡ ಅಂಕಿಯಲ್ಲಿ ಬರೆಯಿರಿ, 0-1ರಲ್ಲಿ ಬರೆಯಿರಿ, ಅಷ್ಟೂ ಹುಣಸೆ ಬೀಜ ಎಣಿಸಿ ರಾಶಿ ಹಾಕಿ, ಅವು ಬದಲಾಗಲ್ಲ. ಇನ್ನು ಕೆಲವು ನಾವು ಬರೆಯುವ ರೀತಿಗೆ ಅಂಟಿಕೊಂಡವು. ಅಂಗಿ ಬದಲಿಸಿದರೆ ಅವು ಹೋದವು. ಈವಿಲ್, ಹ್ಯಾಪಿ ಎರಡನೆಯ ಗುಂಪಿನವು. ಮೊದಲನೆಯ ಗುಂಪಿನಲ್ಲೇ ಸತ್ವ ಇರೋದು, ಹಾಗಾಗಿ ಅಲ್ಲಿಂದ ಶುರು ಮಾಡೋಣ. ಅದರ ಬೀಗದಕೈ ಒಂದೇ: ಅವಿಭಾಜ್ಯ ಅಪವರ್ತನ. ಸಂಖ್ಯೆಯನ್ನು ಇನ್ನು ಒಡೆಯೋಕೆ ಆಗದಷ್ಟು ಒಡೆಯೋದು.

ಹಾಸನದ್ದು ನೋಡಿ. 5+7+3+2+0+1 ಕೂಡಿದರೆ 18. ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೀರಲ್ವಾ? ಭಾಗಿಸಿದರೆ 63689 ಸಿಗುತ್ತದೆ. ಈಗ ಇದನ್ನು 7, 11, 13, 17 ಹೀಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡಬೇಕು. ಎಲ್ಲಿಯವರೆಗೆ? ವರ್ಗಮೂಲದವರೆಗೆ ಸಾಕು. ಒಂದು ಸಂಖ್ಯೆ ಎರಡು ತುಂಡಾದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರೋಕೆ ಸಾಧ್ಯವಿಲ್ಲ, ಗುಣಿಸಿದಾಗ ಮೂಲ ಸಂಖ್ಯೆಯನ್ನೇ ಮೀರಿಬಿಡುತ್ತವೆ. 63689ರ ವರ್ಗಮೂಲ 252ರ ಆಸುಪಾಸು. ಅಲ್ಲಿಯವರೆಗೆ ಇರುವುದು 54 ಅವಿಭಾಜ್ಯಗಳು. ಯಾವುದೂ ಭಾಗಿಸಲ್ಲ. 193 ಆಸೆ ತೋರಿಸಿ ಕೈಕೊಡುತ್ತದೆ: 193×330 ಅಂದರೆ 63690, ಒಂದೇ ಒಂದು ಜಾಸ್ತಿ. ಹಾಗಾಗಿ 63689 ಅವಿಭಾಜ್ಯ, ಮತ್ತು

573201 = 3 × 3 × 63689.

ಇಷ್ಟು ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಆರೇ: 1, 3, 9, 63689, 191067 ಮತ್ತು ಅದೇ ಸಂಖ್ಯೆ. ಕೊನೆಯದನ್ನು ಬಿಟ್ಟು ಐದನ್ನೂ ಕೂಡಿದರೆ 2,54,769. ಮೂಲ ಸಂಖ್ಯೆಗಿಂತ ಕಡಿಮೆ. ಅದಕ್ಕೇ ಡಿಫಿಷಿಯಂಟ್, ಕೊರತೆಯ ಸಂಖ್ಯೆ. ಮೊತ್ತ ಸರಿಯಾಗಿ ಅದೇ ಸಂಖ್ಯೆ ಬಂದರೆ ಪರಿಪೂರ್ಣ ಸಂಖ್ಯೆ. 6 ಹಾಗಿದೆ (1+2+3), 28 ಹಾಗಿದೆ, ಆಮೇಲೆ 496, 8128. ಮೊತ್ತ ಮೀರಿದರೆ ಸಮೃದ್ಧ ಸಂಖ್ಯೆ, 12ರ ಹಾಗೆ. ಇವು ತಮಾಷೆಯ ಹೆಸರುಗಳಲ್ಲ. ಸುಮಾರು 1900 ವರ್ಷಗಳ ಹಿಂದೆ ನಿಕೊಮಾಕಸ್ ಎಂಬ ಗ್ರೀಕ್ ಪಂಡಿತ ಸಂಖ್ಯೆಗಳನ್ನು ಹೀಗೆ ಮೂರು ಪಾಲು ಮಾಡಿದ್ದಾನೆ. ಕೊರತೆಯವುಗಳನ್ನು ಅಂಗ ಊನವಾದ ಪ್ರಾಣಿಗಳಿಗೆ ಹೋಲಿಸಿ ಬೈದೂ ಇದ್ದಾನೆ. ಸಂಖ್ಯೆಗಳಿಗೆ ಶೀಲ-ಗುಣ ಅಂಟಿಸುವ ಚಟ ಹಳೆಯದು.

ಹಾಸನದ್ದು ಕೊರತೆಯ ಸಂಖ್ಯೆಯಾಗದೆ ಬೇರೆ ದಾರಿಯೇ ಇರಲಿಲ್ಲ. ಬರೀ ಎರಡು ಬಗೆಯ ಅವಿಭಾಜ್ಯಗಳಿಂದಾದ ಬೆಸಸಂಖ್ಯೆ ಯಾವತ್ತೂ ಕೊರತೆಯದ್ದೇ. ಬೆಸಸಂಖ್ಯೆಗಳಲ್ಲಿ ಮೊದಲ ಸಮೃದ್ಧ ಸಂಖ್ಯೆ ಸಿಗೋದೇ 945ಕ್ಕೆ, ಅದಕ್ಕೆ 3, 5, 7 ಮೂರೂ ಬೇಕಾಯಿತು. ಪರಿಪೂರ್ಣವಾದ ಬೆಸಸಂಖ್ಯೆ ಇದೆಯೋ ಇಲ್ಲವೋ ಇವತ್ತಿಗೂ ಬಗೆಹರಿದಿಲ್ಲ. ಇದ್ದರೆ ಅದಕ್ಕೆ 1500ಕ್ಕಿಂತ ಹೆಚ್ಚು ಅಂಕಿಗಳಿರಬೇಕು ಅಂತ ಸಾಧಿಸಿದ್ದಾರೆ. ಆರಂಕಿಯ ಪಿನ್ ಕೋಡ್‌ಗೆ ಅಲ್ಲಿ ಜಾಗವಿಲ್ಲ ಬಿಡಿ.

ಚಿಕ್ಕಮಗಳೂರಿನದು ಬೇಗ ಮುಗಿಯುತ್ತದೆ. ಅಂಕಿಗಳ ಮೊತ್ತ 21, ಹಾಗಾಗಿ 3 ಭಾಗಿಸುತ್ತದೆ. ಉಳಿದ 192367ಕ್ಕೆ 7 ಹಿಡಿಸುತ್ತದೆ. ಕೊನೆಗೆ 27481, ಅದು ಅವಿಭಾಜ್ಯ. 577101 = 3 × 7 × 27481. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ ಸ್ಫೆನಿಕ್ ಸಂಖ್ಯೆ ಅನ್ನುತ್ತಾರೆ. ಇದೂ ಕೊರತೆಯದ್ದೇ.

ಈಗ ಮಗಳ ವಾದ. ಅವಳಿಗೆ ಹಾಗನ್ನಿಸಿದ್ದರಲ್ಲಿ ತಪ್ಪಿಲ್ಲ. 573103 ನೋಡೋಕೆ ಥೇಟ್ ಅವಿಭಾಜ್ಯದ ಹಾಗೇ ಇದೆ. ಬೆಸ, 5ರಲ್ಲಿ ಮುಗಿಯಲ್ಲ, ಅಂಕಿಗಳ ಮೊತ್ತ 19, ಹಾಗಾಗಿ 3 ಇಲ್ಲ. 7ಕ್ಕೆ ಶೇಷ 6. 11ಕ್ಕೂ ಇಲ್ಲ, 13ಕ್ಕೂ ಇಲ್ಲ. 43ರ ಹತ್ತಿರ ಬಂದಾಗ 43×13328 = 573104, ಒಂದರಲ್ಲಿ ತಪ್ಪಿಹೋಯಿತು. ನೂರು ದಾಟಿ, ಇನ್ನೂರು ದಾಟಿ, ಮುನ್ನೂರು ದಾಟಿದರೂ ಏನಿಲ್ಲ. ಬಹುತೇಕರು ಇಷ್ಟರೊಳಗೆ ಪೆನ್ನು ಕೆಳಗಿಟ್ಟಿರುತ್ತಾರೆ. 64 ಅವಿಭಾಜ್ಯಗಳು ಸೋತ ಮೇಲೆ 65ನೆಯದು 313. ಅದು ಹಿಡಿಯುತ್ತದೆ:

573103 = 313 × 1831.

ಎರಡೂ ಅವಿಭಾಜ್ಯ. ಅಂದರೆ ಮಗಳು ವಾದದಲ್ಲಿ ಸೋತಳು, ಆದರೆ ಸೋತಿದ್ದು ಒಂದು ಒಳ್ಳೆಯ ಸಂಖ್ಯೆಯ ಎದುರು. ಸಣ್ಣ ಅವಿಭಾಜ್ಯ ಒಂದೂ ಇಲ್ಲದೆ, ಎರಡು ದೊಡ್ಡ ಅವಿಭಾಜ್ಯಗಳಿಂದಲೇ ಕಟ್ಟಿದ ಸಂಖ್ಯೆಗಳೇ ಹೀಗೆ ಸತಾಯಿಸೋದು. ಇದರ ವಿಷಯ ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು, ಆ ಆ್ಯಪ್ ನಿಮಗೆ ತೋರಿಸದ ಒಂದು ಗುಣ ಇದೆ. ನನ್ನ ಮಟ್ಟಿಗೆ ಈ ಮೂರು ಊರುಗಳ ನಡುವಿನ ಅಸಲಿ ವ್ಯತ್ಯಾಸ ಅದೇ. ಒಂದು ಸಂಖ್ಯೆಯನ್ನು ವರ್ಗಗಳ ಮೊತ್ತವಾಗಿ ಬರೆಯೋಕೆ ಕಡಿಮೆ ಅಂದರೆ ಎಷ್ಟು ವರ್ಗ ಬೇಕು? ವರ್ಗ ಅಂದರೆ 1, 4, 9, 16, 25 ಹೀಗೆ. 13ಕ್ಕೆ ಎರಡು ಸಾಕು, 9+4. ಆರಕ್ಕೆ ಮೂರು ಬೇಕು, 4+1+1. ಏಳಕ್ಕೆ ನಾಲ್ಕು, 4+1+1+1. ನಾಲ್ಕಕ್ಕಿಂತ ಜಾಸ್ತಿ ಯಾವ ಸಂಖ್ಯೆಗೂ ಬೇಕಾಗಲ್ಲ, ಅದು ಎಷ್ಟೇ ದೊಡ್ಡದಿರಲಿ. ಇದನ್ನು 1770ರಲ್ಲಿ ಲಗ್ರಾಂಜ್ ಸಾಧಿಸಿದರು.

ನಿಮ್ಮ ಹಾಸನಕ್ಕೆ ಎರಡೇ ವರ್ಗ ಸಾಕು:

573201 = 705² + 276².

705ರ ವರ್ಗ 497025, 276ರ ವರ್ಗ 76176. ಕೂಡಿ ನೋಡಿ. ಇದು ಸುಮ್ನೆ ಅದೃಷ್ಟಕ್ಕೆ ಸಿಕ್ಕಿದ್ದಲ್ಲ. 4ರಿಂದ ಭಾಗಿಸಿದಾಗ 1 ಶೇಷ ಬರುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ ಅಂತ ಫರ್ಮಾ 1640ರಲ್ಲಿ ಹೇಳಿದರು, ಅದಾಗಿ ನೂರು ವರ್ಷದ ಮೇಲೆ ಆಯ್ಲರ್ ಸಾಧಿಸಿದರು. ನಮ್ಮ 63689ಕ್ಕೆ ಶೇಷ 1. ಹಾಗಾಗಿ ಎರಡು ವರ್ಗ ಇದ್ದೇ ಇರಬೇಕು ಅಂತ ಮೊದಲೇ ಗೊತ್ತು, ಹುಡುಕೋದಷ್ಟೇ ಕೆಲಸ. 252ರಿಂದ ಕೆಳಗಿಳಿಯುತ್ತಾ ಒಂದೊಂದರ ವರ್ಗ ಕಳೆದು, ಉಳಿದದ್ದು ವರ್ಗವೇ ಅಂತ ನೋಡುತ್ತಾ ಹೋದೆ. 240ಕ್ಕೆ 6089 ಉಳಿಯಿತು, 78ರ ವರ್ಗಕ್ಕಿಂತ ಐದು ಜಾಸ್ತಿ. 235ಕ್ಕೆ ಸಿಕ್ಕಿತು: 8464 ಉಳಿಯಿತು, ಅದು 92ರ ವರ್ಗ. ಎರಡನ್ನೂ ಮೂರರಿಂದ ಗುಣಿಸಿದರೆ 705 ಮತ್ತು 276.

ಚಿಕ್ಕಮಗಳೂರಿಗೆ ಎರಡರಲ್ಲಿ ಆಗಲ್ಲ. ಇಷ್ಟು ಸುಲಭವಾದ ಸಾಧನೆಯನ್ನು ನಿಮ್ಮ ಕೌಂಟರ್ ಮೇಲೇ ಬರೆದು ತೋರಿಸಬಹುದು. ಯಾವುದೇ ವರ್ಗವನ್ನು 3ರಿಂದ ಭಾಗಿಸಿ, ಶೇಷ 0 ಇಲ್ಲವೇ 1, ಎರಡು ಬರೋದೇ ಇಲ್ಲ. ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡರ ಶೇಷವೂ 0 ಆಗಿರಬೇಕು. ಅಂದರೆ ಎರಡೂ 3ರ ಮಗ್ಗಿಯ ಸಂಖ್ಯೆಗಳ ವರ್ಗ, ಆಗ ಮೊತ್ತ 9ರಿಂದಲೂ ಭಾಗವಾಗಲೇಬೇಕು. 577101ರ ಅಂಕಿಗಳ ಮೊತ್ತ 21. ಮೂರು ಭಾಗಿಸುತ್ತದೆ, ಒಂಬತ್ತು ಭಾಗಿಸಲ್ಲ. ಅಲ್ಲಿಗೆ ಮುಗಿಯಿತು. ಹಾಸನದ್ದು 18 ಆಗಿದ್ದಕ್ಕೆ ಪಾರಾಯಿತು. ಚಿಕ್ಕಮಗಳೂರಿಗೆ ಮೂರು ವರ್ಗ ಬೇಕು: 757² + 46² + 44².

ಅರಸೀಕೆರೆಯದು ಎಲ್ಲಕ್ಕಿಂತ ಹಟಮಾರಿ. ವರ್ಗಗಳನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಯಾವ ಮೂರನ್ನು ಕೂಡಿದರೂ 7 ಶೇಷ ಬರಿಸೋಕೆ ಆಗಲ್ಲ, ಬೇಕಾದರೆ ಮಾಡಿ ನೋಡಿ. 573103ಕ್ಕೆ ಶೇಷ ಎಷ್ಟು? 1000 ಎಂಟರಿಂದ ಭಾಗವಾಗುವುದರಿಂದ ಕೊನೆಯ ಮೂರಂಕಿ ನೋಡಿದರೆ ಸಾಕು. 103ರಲ್ಲಿ 96 ಹೋದರೆ 7. ಹಾಗಾಗಿ ನಾಲ್ಕು ವರ್ಗ ಬೇಕೇ ಬೇಕು: 757² + 7² + 2² + 1². ಯಾವ ಸಂಖ್ಯೆಗಳಿಗೆ ಮೂರು ಸಾಲದು ಅನ್ನೋದನ್ನು 1798ರಲ್ಲಿ ಲೆಜೆಂಡ್ರ್ ಪೂರ್ತಿ ಬಿಡಿಸಿ ಹೇಳಿದ್ದಾರೆ. ಇಂಥವು, ಮತ್ತು ಇವನ್ನು 4ರಿಂದ ಮತ್ತೆ ಮತ್ತೆ ಗುಣಿಸಿ ಬಂದವು, ಅಷ್ಟೇ.

ಹಾಸನಕ್ಕೆ ಎರಡು, ಚಿಕ್ಕಮಗಳೂರಿಗೆ ಮೂರು, ಅರಸೀಕೆರೆಗೆ ನಾಲ್ಕು! ಲೆಕ್ಕ ಹಾಕುವ ಮೊದಲು ನನಗೂ ಗೊತ್ತಿರಲಿಲ್ಲ. ಅಂಚೆ ಇಲಾಖೆಯವರು 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಶುರು ಮಾಡಿದಾಗ ಇದನ್ನು ನೋಡಿ ಹಂಚಿರೋಕೆ ಸಾಧ್ಯವಿಲ್ಲ, ಕಾಕತಾಳೀಯ. ಆದರೆ ಒಂದೊಂದು ಊರಿನ ಬಗ್ಗೆ ಹೇಳಿದ ಮಾತು ಮಾತ್ರ ಕಾಕತಾಳೀಯವಲ್ಲ. ಅದು ಯಾವತ್ತೂ ಸುಳ್ಳಾಗಲ್ಲ.

ಇನ್ನು ಬರವಣಿಗೆಗೆ ಅಂಟಿದ ಗುಣಗಳು. ಹ್ಯಾಪಿ ಸಂಖ್ಯೆ ಅಂದರೆ, ಅಂಕಿಗಳ ವರ್ಗಗಳನ್ನು ಕೂಡುತ್ತಾ ಹೋದರೆ ಕೊನೆಗೆ 1 ಸಿಗಬೇಕು. 573201ಕ್ಕೆ 25+49+9+4+0+1 = 88. ಅಲ್ಲಿಂದ 128, 69, 117, 51, 26, 40, 16, 37, 58, 89, 145, 42, 20, 4, ಮತ್ತೆ 16. ಸುತ್ತು ಬಿತ್ತು, 1 ಸಿಗಲೇ ಇಲ್ಲ. ಉಳಿದೆರಡು ಊರುಗಳೂ ಇದೇ ಸುತ್ತಿಗೆ ಬಿದ್ದಿವೆ. ಅದಕ್ಕೇ ಅನ್‌ಹ್ಯಾಪಿ. ಇದಕ್ಕಿಂತ ಹೆಚ್ಚು ಅರ್ಥ ಅದರಲ್ಲಿಲ್ಲ.

ಇದೇ ಗುಂಪಿನ ಒಂದು ಹೆಸರು ಮಾತ್ರ ನಿಮ್ಮ ತಾಯಿಗೆ ಇಷ್ಟವಾದೀತು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಡಿ. ಆರ್. ಕಾಪ್ರೇಕರ್ ಅಂತ ಶಾಲಾ ಮೇಷ್ಟರಿದ್ದರು. 6174ರ ಚಮತ್ಕಾರ ಕಂಡುಹಿಡಿದವರು ಅವರೇ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ಅವರು ಹರ್ಷದ ಸಂಖ್ಯೆ ಅಂತ ಹೆಸರಿಟ್ಟರು, ಹರ್ಷ ಕೊಡುವಂಥದ್ದು. ಚಿಕ್ಕಮಗಳೂರಿನ ಅಂಕಿಗಳ ಮೊತ್ತ 21, ಮತ್ತು 577101 = 21 × 27481. ಹಾಗಾಗಿ ಅದು ಹರ್ಷದ ಸಂಖ್ಯೆ. ಹಾಸನದ್ದು ಬೆಸ, ಮೊತ್ತ 18 ಸಮ, ಆಗೋದೇ ಇಲ್ಲ. ಮಲೆನಾಡಿನವರು ಜಂಬ ಪಡುವ ಮೊದಲು ಒಂದು ಮಾತು: 577101 ಅನ್ನು 0-1ರಲ್ಲಿ ಬರೆದರೆ ಅಂಕಿಗಳ ಮೊತ್ತ 10 ಆಗುತ್ತದೆ. ಬೆಸಸಂಖ್ಯೆಯನ್ನು 10 ಭಾಗಿಸಲ್ಲ. ಹರ್ಷ ಹೋಯಿತು. ಸಂಖ್ಯೆ ಅದೇ, 3×7×27481 ಅನ್ನೋದೂ ಹಾಗೇ ಇದೆ.

ಹಾಗಂತ ಅಂಕಿಗಳ ಆಟವೆಲ್ಲ ದಂಡ ಅಂದುಕೊಳ್ಳಬೇಡಿ. ನಿಮ್ಮ ಕಸುಬಿನಲ್ಲೇ ಅದರ ಬೆಲೆ ಗೊತ್ತಾಗುತ್ತದೆ. 577101ರ ನಾಲ್ಕನೇ ಅಂಕಿ ತಪ್ಪಿ 2 ಅಂತ ಬರೆದರೆ ಪಾರ್ಸೆಲ್ ಶಿವಮೊಗ್ಗಕ್ಕೆ ಹೋಗುತ್ತದೆ. ಪಿನ್ ಕೋಡ್‌ನಲ್ಲಿ ಈ ತಪ್ಪನ್ನು ಹಿಡಿಯುವ ಏರ್ಪಾಡು ಇಲ್ಲ, ಎರಡೂ ಸರಿಯಾದ ನಂಬರ್‌ಗಳೇ. ಆಧಾರ್‌ನಲ್ಲಿ ಇದೆ. ಅದರ 12ನೇ ಅಂಕಿ ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. ವೆರ್ಹೂಫ್ ಎಂಬ ಡಚ್ ಗಣಿತಜ್ಞರ ವಿಧಾನ ಅದು. ಒಂದು ಅಂಕಿ ತಪ್ಪಿದರೆ, ಇಲ್ಲವೇ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ, ತಕ್ಷಣ ಸಿಕ್ಕಿಬೀಳುತ್ತದೆ.

ಕೊನೆಯ ಪ್ರಶ್ನೆ, ಸಂಖ್ಯೆ ಇನ್ನೂ ದೊಡ್ಡದಾದರೆ? ಹಾಸನ, ಚಿಕ್ಕಮಗಳೂರು ಎರಡನ್ನೂ ಗುಣಿಸಿದರೆ 3,30,79,48,70,301. ಹನ್ನೆರಡು ಅಂಕಿ. ಅದರಲ್ಲಿರುವ 3 ಮತ್ತು 7 ಬೇಗ ಉದುರುತ್ತವೆ. ಆಮೇಲೆ 1,75,02,37,409 ಉಳಿಯುತ್ತದೆ. ಇದು 27481 ಮತ್ತು 63689ರ ಗುಣಲಬ್ಧ ಅಂತ ನಮಗೆ ಗೊತ್ತು. ಗೊತ್ತಿಲ್ಲದವರು ಒಂದೊಂದೇ ಅವಿಭಾಜ್ಯ ಹಾಕಿ ನೋಡುತ್ತಾ ಹೋದರೆ ಸುಮಾರು ಮೂರು ಸಾವಿರ ಸಲ ಭಾಗಿಸಬೇಕು. ಗುಣಿಸೋಕೆ ಒಂದು ನಿಮಿಷ, ಒಡೆಯೋಕೆ ವಾರಗಟ್ಟಲೆ. ಕಂಪ್ಯೂಟರ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ ಅಂಕಿಗಳು ನೂರಾರು ಆದರೆ ಅದಕ್ಕೂ ಇದೇ ಪಾಡು. 250 ಅಂಕಿಯ ಇಂಥ ಒಂದು ಸವಾಲಿನ ಸಂಖ್ಯೆಯನ್ನು 2020ರಲ್ಲಿ ಒಡೆದರು, ಅದಕ್ಕೆ ಜಗತ್ತಿನ ಹಲವು ಕಡೆಯ ಕಂಪ್ಯೂಟರ್‌ಗಳು ಸೇರಿ ದುಡಿಯಬೇಕಾಯಿತು. 600ಕ್ಕಿಂತ ಹೆಚ್ಚು ಅಂಕಿ ಇರುವಂಥವು ಹಾಗೇ ನಿಂತಿವೆ. ಅರಸೀಕೆರೆಯ ನಂಬರ್ ಮಗಳನ್ನು ಹೇಗೆ ಸತಾಯಿಸಿತೋ ಅದೇ ತೊಂದರೆಯನ್ನು ನೆಚ್ಚಿಕೊಂಡು ಅಂತರ್ಜಾಲದ ಎಷ್ಟೋ ಗುಟ್ಟುಗಳು ಭದ್ರವಾಗಿವೆ.

ವಿಚಿತ್ರ ಏನಂದರೆ, ಒಡೆಯೋದು ಕಷ್ಟವಾದರೂ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತಷ್ಟೇ ಹೇಳೋದು ಅಷ್ಟು ಕಷ್ಟವಲ್ಲ. ಒಂದು ಅಪವರ್ತನವೂ ಸಿಗದೆಯೇ ಇದು ಸಂಯುಕ್ತ ಅಂತ ಖಚಿತವಾಗಿ ಹೇಳಬಹುದು. ಅದಕ್ಕೆ ಊಹೆಯ ಹಂಗಿಲ್ಲದ, ಯಾವ ಸಂಖ್ಯೆಗೂ ಹೊಂದುವ, ಹಿಡಿತದಲ್ಲಿರುವಷ್ಟೇ ಸಮಯ ಹಿಡಿಯುವ ವಿಧಾನವನ್ನು ಕೊಟ್ಟವರು ನಮ್ಮ ದೇಶದವರೇ: ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ, 2002ರಲ್ಲಿ. ಕೆಲವು ವಿಶೇಷ ಆಕಾರದ ಸಂಖ್ಯೆಗಳಿಗೆ ಇನ್ನೂ ಚುರುಕಾದ ಪರೀಕ್ಷೆಗಳಿವೆ. ಈಗ ಗೊತ್ತಿರುವ ಅತಿದೊಡ್ಡ ಅವಿಭಾಜ್ಯ ಹಾಗೇ ಸಿಕ್ಕಿದ್ದು, 2024ರ ಅಕ್ಟೋಬರ್‌ನಲ್ಲಿ. ಎರಡನ್ನು 13,62,79,841 ಸಲ ಗುಣಿಸಿ ಒಂದು ಕಳೆಯಬೇಕು. ನಾಲ್ಕು ಕೋಟಿಗೂ ಮಿಕ್ಕಿ ಅಂಕಿಗಳಿವೆ.

ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಬೇಲೂರಿನ 573115 ತೆಗೆದುಕೊಳ್ಳಲಿ. 5 ಕಣ್ಣಿಗೇ ಕಾಣುತ್ತದೆ. ಆಮೇಲೆ ಉಳಿಯುವ 114623 ಸ್ವಲ್ಪ ಆಟ ಆಡಿಸುತ್ತದೆ, ಆದರೆ ನೂರು ದಾಟುವ ಮೊದಲೇ ಒಡೆಯುತ್ತದೆ. ಅದಕ್ಕೆ ಎಷ್ಟು ವರ್ಗ ಬೇಕು ಅಂತಲೂ ನೋಡಲಿ. 8ರಿಂದ ಭಾಗಿಸಿದರೆ ಶೇಷ 3, ಹಾಗಾಗಿ ಮೂರು ಬೆಸಸಂಖ್ಯೆಗಳ ವರ್ಗ ಹುಡುಕಬೇಕು. 757ರಿಂದ ಶುರು ಮಾಡಿದರೆ ಸಿಗಲ್ಲ, ಸ್ವಲ್ಪ ಕೆಳಗಿಳಿಯಬೇಕು.